ಭಾವನವರ ಪುಷ್ಪಕ

ಮನೆಗೆ ಅಳಿಯನಾಗಿ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಕೊಟ್ಟದ್ದರಲ್ಲಿ ಕೊರತೆ ಕಾಣುವವರು ಒಂದು ಬಗೆ. ಕೊಟ್ಟದ್ದು ಏನೆಂಬುದನ್ನೇ ಗಮನಿಸದವರು ಇನ್ನೊಂದು ಬಗೆ. ನಮ್ಮ ಅಕ್ಕನ ಕೈಹಿಡಿದ ಭಾವನವರು ಎರಡನೆಯ ಬಗೆಗೆ ಸೇರಿದವರು. 1952ರ ಬೇಸಗೆಯಲ್ಲಿ, ತುಮಕೂರಿನ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಗುಂಯ್ ಎಂದು ಏನೋ ಸದ್ದಾಯಿತು. ಮದುವೆಯ ಗಂಡು ಥಟ್ಟನೆ ತಲೆಯೆತ್ತಿ ನೋಡಿದರು. ಅವರಿಗೆ ಕಂಡದ್ದು ಚಪ್ಪರದ ತೆಂಗಿನ ಗರಿ ಮಾತ್ರ. "ದೃಷ್ಟಿ ಇತ್ತ ಇರಲಿ" ಎಂದು ಪುರೋಹಿತರು ಎಚ್ಚರಿಸಿದರು. ನೆಂಟರೆಲ್ಲ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಹತ್ತು ವರ್ಷದ ಹುಡುಗನಾಗಿ ಪಕ್ಕದಲ್ಲಿ ನಿಂತಿದ್ದ ನನಗೆ ಭಾವನವರನ್ನು ಕುರಿತ ಮೊದಲ ನೆನಪು ಇದು.

ಭಾವನವರು 1998ರಲ್ಲಿ ತೀರಿಕೊಂಡರು. ಅವರಾದ ಮೇಲೆ ಅಕ್ಕ ಇನ್ನೂ ಹದಿನೈದು ವರ್ಷ ಬದುಕಿದ್ದಳು. ಈಚೆಗೆ ಅಕ್ಕನ ಮಗಳು ಮನೆ ಬದಲಾಯಿಸುವಾಗ ಕಪಾಟಿನ ತಳದಲ್ಲಿ ಸಿಕ್ಕ ಒಂದು ಉದ್ದನೆಯ ಪುಸ್ತಕವನ್ನು ತಂದು, "ಮಾವ, ಇದು ನಿಮ್ಮಲ್ಲಿರಲಿ" ಎಂದು ಕೊಟ್ಟಳು. ಅದು ಭಾವನವರ ಹಾರಾಟದ ಲೆಕ್ಕದ ಪುಸ್ತಕ. ವಿಮಾನ ಹಾರಿಸುವವರೆಲ್ಲ ಇಂಥದೊಂದು ಪುಸ್ತಕವನ್ನು ಇಟ್ಟಿರಲೇಬೇಕು. ತಾರೀಖು, ವಿಮಾನದ ಗುರುತು, ಜೊತೆಗಿದ್ದವರು ಯಾರು, ಎಷ್ಟು ಗಂಟೆ, ಎಷ್ಟು ನಿಮಿಷ, ಕೊನೆಗೆ ಷರಾ, ಹೀಗೆ ಅದರಲ್ಲಿ ಅಂಕಣಗಳು. ಅದರ ಕೊನೆಯ ಪುಟದಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿವೆ. ಮೇಲಿನದರ ತಾರೀಖು 1970ರ ಜನವರಿ 4. ಕೆಳಗಿನದರ ತಾರೀಖು 1983ರ ಜನವರಿ 16. ಎರಡು ಸಾಲುಗಳ ನಡುವೆ ಒಂದು ಗೆರೆಯಷ್ಟೇ ಅಂತರ. ಹದಿಮೂರು ವರ್ಷಗಳು ಆ ಒಂದು ಗೆರೆಯಲ್ಲಿ ಅಡಗಿವೆ. ಆ ಗೆರೆಗೆ ಕಾರಣನಾದವನು ನಾನು. ಇಂದು ನಿಮ್ಮ ಮುಂದೆ ಹೇಳಹೊರಟಿರುವುದು ಆ ಕಥೆಯನ್ನೇ.

ಭಾವನವರ ಹುಟ್ಟೂರು ಬಳ್ಳಾರಿ. ಬಳ್ಳಾರಿಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ನಿಮಗೆ ಅನ್ನಿಸಬಹುದು. ನಂಟು ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಂಚೆಯನ್ನು ಹೊತ್ತು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಗೆ ಬಂದರು. ಅಲ್ಲಿಂದ ಮುಂದಕ್ಕೆ ಅದನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮುಂಬಯಿಗೂ ಮದರಾಸಿಗೂ ನಡುವೆ ಆ ವಿಮಾನ ಇಳಿಯುತ್ತಿದ್ದ ತಾಣ ಬಳ್ಳಾರಿ. ಭಾರತದ ವಿಮಾನ ಸಾರಿಗೆಯ ಚರಿತ್ರೆ ತೊಡಗುವುದು ಈ ಅಂಚೆಯ ಚೀಲದಿಂದ. ಮೈಸೂರು, ಬೆಂಗಳೂರುಗಳನ್ನು ಬಿಟ್ಟು ಬಿಸಿಲೂರೆಂದು ಹೆಸರಾದ ಬಳ್ಳಾರಿಗೆ ಆ ಭಾಗ್ಯ ಬಂದಿತ್ತು.

ಆ ವರ್ಷವೋ ಮರುವರ್ಷವೋ, ಆರೇಳು ವರ್ಷದ ಹುಡುಗನನ್ನು ಅವನ ತಂದೆ ಹೆಗಲ ಮೇಲೆ ಕೂರಿಸಿಕೊಂಡು ಅಂಚೆಯ ವಿಮಾನವನ್ನು ತೋರಿಸಲು ಕರೆದೊಯ್ದರಂತೆ. ಊರಿನ ಅರ್ಧ ಜನ ಅಲ್ಲಿ ನೆರೆದಿದ್ದರು. ಕೆಲವರು ತೆಂಗಿನಕಾಯಿಯನ್ನೂ ತಂದಿದ್ದರು. ವಿಮಾನ ಧೂಳೆಬ್ಬಿಸಿ ಇಳಿಯಿತು. ಒಳಗಿನಿಂದ ಒಬ್ಬ ಮನುಷ್ಯ ಇಳಿದು, ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಸುತ್ತ ನೋಡಿ, ಕೈಸನ್ನೆಯಿಂದ ಕುಡಿಯಲು ನೀರು ಕೇಳಿದ. ಯಾರೋ ಚೊಂಬಿನಲ್ಲಿ ನೀರು ಕೊಟ್ಟರು. ಆತ ಗಟಗಟನೆ ಕುಡಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಈ ಪ್ರಸಂಗವನ್ನು ಭಾವನವರು ನನಗೆ ನೂರು ಸಲ ಹೇಳಿರಬಹುದು. ಪ್ರತಿ ಸಲವೂ ಮುಗಿಸುತ್ತಿದ್ದುದು ಒಂದೇ ಮಾತಿನಿಂದ. "ಇಳಿದು ಬರುವವನು ದೇವರಿರಬೇಕು ಅಂದುಕೊಂಡಿದ್ದೆ ಕಣಯ್ಯ. ಅವನಿಗೂ ನೀರಡಿಕೆ ಆಗ್ತದೆ ಅಂತ ಆಗ ತಿಳಿಯಿತು. ಹಂಗಾದರೆ ಈ ಕೆಲಸ ನಾನೂ ಮಾಡಬಹುದು ಅನ್ನಿಸಿತು."

ಆದರೆ ಹಾರುವುದಕ್ಕೆ ನೀರಡಿಕೆಯೊಂದೇ ಸಾಲದು, ಹಣವೂ ಬೇಕು. ತಂದೆ ಬೇಗ ತೀರಿಕೊಂಡರು. ಮೆಟ್ರಿಕ್ ಮುಗಿಸಿದ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಇಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದ್ದರಷ್ಟೆ. ಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಆ ಕಾರ್ಖಾನೆ, ಸ್ವಾತಂತ್ರ್ಯ ಬಂದ ಮೇಲೆ ತಾನೇ ವಿಮಾನವನ್ನು ರೂಪಿಸುವ ಹಂಬಲ ತೊಟ್ಟಿತು. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ತಯಾರಾದ ಎಚ್.ಟಿ.-2 ಎಂಬ ತರಬೇತಿಯ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಆ ಹೊತ್ತಿಗೆ ಭಾವನವರು ಅಲ್ಲಿ ಕೆಲಸಗಾರರಾಗಿ ನಾಲ್ಕು ವರ್ಷ ಸವೆಸಿದ್ದರು. ಹಾರಿಸಲಾಗದಿದ್ದರೆ ಮಾಡುವ ಕಡೆಯಾದರೂ ಇರೋಣ ಎಂಬುದು ಅವರ ಲೆಕ್ಕಾಚಾರ.

1958ರಲ್ಲಿ ಅದೇ ಕಾರ್ಖಾನೆಯಿಂದ ಇನ್ನೊಂದು ಪುಟ್ಟ ವಿಮಾನ ಹೊರಬಂತು. ಅದಕ್ಕೆ ಪುಷ್ಪಕ ಎಂದು ಹೆಸರಿಟ್ಟರು. ತೊಂಬತ್ತು ಅಶ್ವಶಕ್ತಿಯ ಎಂಜಿನ್, ಮೇಲ್ಗಡೆಗೆ ಜೋಡಿಸಿದ ರೆಕ್ಕೆ, ಅಕ್ಕಪಕ್ಕದಲ್ಲಿ ಎರಡೇ ಆಸನ. ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಇದರಲ್ಲಿಯೇ. ಅದರ ಮೈ ಪೂರ್ತಿ ಲೋಹದ್ದಲ್ಲ. ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು, ಹೊಲಿದು, ಅದಕ್ಕೆ ಡೋಪ್ ಎಂಬ ಘಾಟಿನ ಅರಗನ್ನು ಮೇಲಿಂದ ಮೇಲೆ ಬಳಿಯುತ್ತಿದ್ದರು. ಒಣಗಿದಂತೆಲ್ಲ ಬಟ್ಟೆ ಮೃದಂಗದ ತೊಗಲಿನಂತೆ ಬಿಗಿಯಾಗುತ್ತದೆ. ಭಾವನವರ ಪಾಲಿಗೆ ಬಂದದ್ದು ಈ ಹೊಲಿಗೆಯ ಕೆಲಸ. ಸಂಜೆ ಮನೆಗೆ ಬಂದಾಗ ಅವರ ಅಂಗಿಯಿಂದ ಆ ಅರಗಿನ ವಾಸನೆ ಬರುತ್ತಿತ್ತು. "ನಮ್ಮ ಮನೆಯವರು ವಿಮಾನಕ್ಕೆ ಅಂಗಿ ಹೊಲಿಯುತ್ತಾರೆ" ಎಂದು ಅಕ್ಕ ನೆರೆಯವರಿಗೆ ಹೇಳಿ ನಗುತ್ತಿದ್ದಳು. ಹೊಲಿಗೆಯ ಗಂಟನ್ನು ಅವರು ಮನೆಯಲ್ಲಿ ಅವಳ ಹಳೆಯ ಸೀರೆಯ ತುಂಡಿನ ಮೇಲೆ ಅಭ್ಯಾಸ ಮಾಡುವರು. ಅವಳು ಅದನ್ನು ಎಳೆದು ನೋಡಿ, "ಇದು ನಿಲ್ಲುವುದಿಲ್ಲ, ಬಿಚ್ಚಿ" ಎನ್ನುವಳು. ಅವರು ಮರುಮಾತಿಲ್ಲದೆ ಬಿಚ್ಚುವರು.

ನಾನು 1960ರಿಂದ ನಾಲ್ಕು ವರ್ಷ ಹಲಸೂರಿನ ಅವರ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಕಾಲೇಜು ಓದಿದೆ. ಅವರ ಮನೆಯ ಅನ್ನ ಉಂಡವನು ನಾನು. ಭಾವನವರು ಹಾರಲು ಕಲಿತದ್ದೂ ಆ ವರ್ಷಗಳಲ್ಲೇ. ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಜಕ್ಕೂರಿನ ವಿಮಾನ ತರಬೇತಿಯ ಮೈದಾನವಿದೆ. ಹೋಟೆಲಿನ ಕಾಫಿ ಬಿಟ್ಟು, ಸಿನಿಮಾ ಬಿಟ್ಟು, ದೀಪಾವಳಿಗೆ ತಮಗೆಂದು ಬಟ್ಟೆ ಕೊಳ್ಳುವುದನ್ನು ಬಿಟ್ಟು ಕೂಡಿಸಿದ ಹಣದಲ್ಲಿ ಭಾನುವಾರಕ್ಕೆ ಅರ್ಧ ಗಂಟೆಯ ಹಾರಾಟ. ಬೆಳಗಿನ ಜಾವ ಎದ್ದು, ಮೂರು ಹರಿದಾರಿ ದೂರ ಸೈಕಲ್ ತುಳಿದು ಹೋಗುವರು. "ಬಳ್ಳಾರಿಯಿಂದ ಹೊರಟವನಿಗೆ ಬಳ್ಳಾರಿ ದಾರಿಯಲ್ಲೇ ವಿಮಾನ ಸಿಕ್ಕಿತು ನೋಡು" ಎಂದು ಅವರಿಗೆ ಸಂಭ್ರಮ.

1962ರಲ್ಲಿ ಅವರಿಗೆ ಖಾಸಗಿ ಚಾಲಕನ ಪರವಾನಗಿ ದೊರೆಯಿತು. ಜೊತೆಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಹಾರುವ ಅಧಿಕಾರ ಬಂತು. ಮೊದಲು ಕರೆದದ್ದು ಅಕ್ಕನನ್ನು. ಅಕ್ಕ ಬರಲಿಲ್ಲ. ಮೈದಾನದವರೆಗೂ ಬರಲಿಲ್ಲ. ಭಾನುವಾರ ಬೆಳಗ್ಗೆ ಅವರು ಹೊರಟ ಗಳಿಗೆಯಿಂದ ಹಿಂದಿರುಗುವವರೆಗೆ ಅವಳು ಬಾಯಿಗೆ ನೀರು ಹಾಕುತ್ತಿರಲಿಲ್ಲ. ಇದು ಅವರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ಪುರಾಣದ ಪುಷ್ಪಕದಲ್ಲಿ ಎಷ್ಟು ಮಂದಿ ಕುಳಿತರೂ ಇನ್ನೊಬ್ಬರಿಗೆ ಸ್ಥಳವಿರುತ್ತದೆಂದು ಹಿರಿಯರು ಹೇಳುವುದುಂಟು. ಬೆಂಗಳೂರಿನ ಪುಷ್ಪಕದಲ್ಲಿ ಇದ್ದವು ಎರಡೇ ಆಸನ. ಅಕ್ಕನಿಗಾಗಿ ಕಾದಿದ್ದ ಎರಡನೆಯ ಆಸನದಲ್ಲಿ 1964ರ ಡಿಸೆಂಬರಿನ ಒಂದು ಬೆಳಗ್ಗೆ ಕುಳಿತವನು ನಾನು.

ಹಾರುವ ಮುನ್ನ ಭಾವನವರು ವಿಮಾನದ ಸುತ್ತ ಪ್ರದಕ್ಷಿಣೆ ಬಂದರು. ರೆಕ್ಕೆಯ ಬಟ್ಟೆಯನ್ನು ಬೆರಳಿನಿಂದ ಮಿಡಿದು ಕಿವಿಗೊಟ್ಟರು. ಇಂಧನದ ತೊಟ್ಟಿಯ ತಳದಿಂದ ಒಂದಿಷ್ಟು ಪೆಟ್ರೋಲನ್ನು ಔಷಧದ ಹಳೆಯ ಸೀಸೆಗೆ ಬಸಿದು, ಬೆಳಕಿಗೆ ಹಿಡಿದು ನೋಡಿದರು. ರಾತ್ರಿಯ ತಂಪಿಗೆ ತೊಟ್ಟಿಯೊಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದು ಎಂಜಿನ್ನಿಗೆ ಹೋದರೆ ಎಂಜಿನ್ ಉಸಿರು ಬಿಡುತ್ತದೆ. ಒಂದು ಹನಿ ನೀರಿಗಾಗಿ ಅವರು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ ರೀತಿಯನ್ನು ಕಂಡಾಗ, ಹಾರಾಟವೆಂದರೆ ಹುಮ್ಮಸ್ಸು ಎಂದು ತಿಳಿದಿದ್ದ ನನಗೆ ಅದು ಮಡಿಯ ಅಡುಗೆಯಷ್ಟೇ ಕಟ್ಟುನಿಟ್ಟಿನ ಕೆಲಸವೆಂದು ಅರಿವಾಯಿತು.

ಮೇಲೇರಿದೆವು. ಉತ್ತರಕ್ಕೆ ನಂದಿಯ ಬೆಟ್ಟ ನೀಲಿಯಾಗಿ ತೋರಿತು. ಕೆಳಗೆ ಜಕ್ಕೂರಿನ ಕೆರೆ. ಅದು ತುಂಬಿದರೆ ನೀರು ಹರಿಯುವ ರಾಚೇನಹಳ್ಳಿಯ ಕೆರೆ. ಆಚೆಗೆ ಹೆಬ್ಬಾಳದ ಕೆರೆ. ನೆಲದ ಮೇಲೆ ನಿಂತಾಗ ಒಂದೊಂದು ಊರಿನ ಒಂದೊಂದು ಕೆರೆ. ಮೇಲಿನಿಂದ ನೋಡಿದರೆ ಒಂದರ ಕೋಡಿ ಇನ್ನೊಂದರ ತಲೆ, ಕೈ ಹಿಡಿದು ನಿಂತ ಮಕ್ಕಳ ಸಾಲಿನಂತೆ. "ನದಿಯಿಲ್ಲದ ಊರಿಗೆ ಹಿರಿಯರು ಮಾಡಿದ ನದಿ ಇದು. ವಿಮಾನ ಇಲ್ಲದೆಯೇ ಇದನ್ನು ಮೇಲಿನಿಂದ ಕಂಡಿದ್ದರಲ್ಲ, ಅವರು ದೊಡ್ಡವರು" ಎಂದು ಭಾವನವರು ಎಂಜಿನ್ನಿನ ಸದ್ದನ್ನು ಮೀರಿ ಕೂಗಿ ಹೇಳಿದರು.

ನಾನು ಆಗತಾನೆ ಅಧ್ಯಾಪಕನಾಗಿದ್ದೆ. ನನ್ನ ಕೈಲಿದ್ದ ಸರಕು ಕಾಳಿದಾಸ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮ ಪುಷ್ಪಕದಲ್ಲಿ ಕುಳಿತು ಕೆಳಗಿನ ಕಡಲನ್ನೂ ನಾಡನ್ನೂ ಸೀತೆಗೆ ತೋರಿಸುತ್ತ ಬರುವುದನ್ನೂ, ಶಾಕುಂತಲದ ಕೊನೆಯ ಅಂಕದಲ್ಲಿ ಇಂದ್ರನ ರಥದಿಂದ ಇಳಿಯುವ ದುಷ್ಯಂತನಿಗೆ ಭೂಮಿಯೇ ತನ್ನೆಡೆಗೆ ಏರಿಬಂದಂತೆ ತೋರುವುದನ್ನೂ ಅವರಿಗೆ ಹೇಳಿದೆ. ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಳಿಯುವಾಗ ನೋಡು, ನಾವು ಇಳಿದಂಗೆ ಅನ್ನಿಸೋದಿಲ್ಲ, ನೆಲ ಎದ್ದು ಬಂದಂಗೆ ಅನ್ನಿಸ್ತದೆ. ಆ ಮಹಾನುಭಾವ ಎಲ್ಲಿ ಹಾರಿದ್ದ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಳಿಯುವಾಗ ನೋಡಿದೆ. ಹೌದು, ನೆಲ ಎದ್ದು ಬಂತು.

ಅದಕ್ಕೆ ಮೊದಲು ಅವರು ಇನ್ನೊಂದನ್ನು ತೋರಿಸಿದ್ದರು. ಮೇಲೆ ಹಾರುತ್ತಿರುವಾಗಲೇ ಎಂಜಿನ್ನಿನ ವೇಗವನ್ನು ತಗ್ಗಿಸಿದರು. ಸದ್ದು ಇಳಿಯಿತು, ನನ್ನ ಎದೆಯೂ ಕುಸಿಯಿತು. ಅವರು ಮೆಲ್ಲನೆ ವಿಮಾನದ ಮೂಗನ್ನು ಕೆಳಕ್ಕೆ ಬಾಗಿಸಿದರು. ಪುಷ್ಪಕ ಹದ್ದಿನಂತೆ ತೇಲತೊಡಗಿತು. "ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳೋದಿಲ್ಲ. ರೆಕ್ಕೆಗೆ ಗಾಳಿ ಸಿಕ್ಕುತ್ತಿರೋವರೆಗೆ ಅದು ಹಾರ್ತದೆ. ಹೆದರಿದವನ ಕೈ ಮಾತ್ರ ತಾನಾಗಿ ಮೂಗನ್ನು ಮೇಲಕ್ಕೆಳೀತದೆ. ಆಗ ವೇಗ ಸಾಯ್ತದೆ, ರೆಕ್ಕೆಗೆ ಹಿಡಿತ ತಪ್ತದೆ. ಬೀಳಿಸೋದು ಆ ಹೆದರಿಕೆ" ಎಂದರು. ಈ ಪಾಠವನ್ನು ಅಂದು ವಿಮಾನದ ಪಾಠವೆಂದಷ್ಟೇ ಕೇಳಿಸಿಕೊಂಡೆ.

1970ರ ಜನವರಿ 10, ಶನಿವಾರ. ಅಂದು ಬೆಂಗಳೂರಿನಲ್ಲಿ ಎಚ್.ಎಫ್.-24 ಜೆಟ್ ವಿಮಾನದ ಹೊಸ ಮಾದರಿಯನ್ನು ಪರೀಕ್ಷೆಗಾಗಿ ಹಾರಿಸುತ್ತಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ ದಾಸರು ಅಪಘಾತದಲ್ಲಿ ಮಡಿದರು. ಆ ಜೆಟ್ ವಿಮಾನವನ್ನು 1961ರಲ್ಲಿ ಮೊದಲ ಬಾರಿ ಹಾರಿಸಿದವರೂ ಅವರೇ. ಇಂದಿಗೂ ಆ ಭಾಗದ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ಅಲ್ಲಿ ಓಡಾಡುವ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಮನುಷ್ಯ ಗೊತ್ತೋ! ಕಾರ್ಖಾನೆಯವರಿಗೆಲ್ಲ ಅವರೆಂದರೆ ಅಚ್ಚುಮೆಚ್ಚು. ಭಾವನವರು ಅಂದು ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಳಿತುಬಿಟ್ಟರು. ಮರುದಿನ ಭಾನುವಾರ. ಜಕ್ಕೂರಿಗೆ ಹೋಗಲಿಲ್ಲ. ಅದರ ಮರುವಾರ ಹೋಗಲು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ನಮ್ಮ ತಾಯಿ ಆಗ ಅಕ್ಕನ ಮನೆಯಲ್ಲಿದ್ದರು. ಹಿಂದಿನ ರಾತ್ರಿ ಇಬ್ಬರೂ ನನ್ನನ್ನು ಕರೆಸಿಕೊಂಡಿದ್ದರು. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, "ಅಷ್ಟು ಬಲ್ಲವರಿಗೇ ಹಾಗಾಯಿತಲ್ಲೋ. ಇವರು ಎಷ್ಟರವರು? ನಾನು ಹೇಳಿದರೆ ನಕ್ಕುಬಿಡುತ್ತಾರೆ. ನಿನ್ನ ಮಾತಿಗೆ ಬೆಲೆ ಕೊಡುತ್ತಾರೆ. ನೀನೇ ಹೇಳೋ" ಎಂದಳು. ಎರಡು ಹೆಣ್ಣುಮಕ್ಕಳು ಒಳಗೆ ಮಲಗಿದ್ದವು.

ಬೆಳಗ್ಗೆ ನಾನು ಸೈಕಲ್ಲಿನ ಬಳಿ ನಿಂತು ಹೇಳಿದೆ. ಅಧ್ಯಾಪಕನಲ್ಲವೆ, ಚೆನ್ನಾಗಿಯೇ ಹೇಳಿದೆ. ಮಕ್ಕಳ ಹೆಸರನ್ನೆತ್ತಿದೆ. ಅಕ್ಕ ಭಾನುವಾರಗಳಲ್ಲಿ ನೀರು ಕೂಡ ಕುಡಿಯದೆ ಕಾಯುವಳೆಂಬುದನ್ನು, ಅವಳು ಯಾರಿಗೂ ಹೇಳಬೇಡವೆಂದಿದ್ದ ಆ ಗುಟ್ಟನ್ನೂ ಬಿಟ್ಟುಕೊಟ್ಟೆ. ಕೊನೆಗೆ, "ಭಾವ, ಇದು ನಿಮಗೆ ಭಾನುವಾರದ ಹವ್ಯಾಸ. ಅವಳಿಗೆ ಏಳು ದಿನದ ಬೇನೆ" ಎಂದೆ. ಆ ವಾಕ್ಯವನ್ನು ರಾತ್ರಿಯೆಲ್ಲ ಯೋಚಿಸಿ ಕಟ್ಟಿದ್ದೆ.

ಭಾವನವರು ನನ್ನನ್ನು ಒಮ್ಮೆ ನೋಡಿದರು. "ನೀರೂ ಕುಡಿಯೋದಿಲ್ಲವೇ?" ಎಂದು ಕೇಳಿದರು. ಆಮೇಲೆ "ಆಗಲಿ" ಎಂದರು. ಗಾಳಿ ಹೊಡೆಯುವ ಪಂಪನ್ನು ಒಳಗಿಟ್ಟು ಬಂದರು. ಅಷ್ಟೇ. ವಾದವಿಲ್ಲ, ಮುನಿಸಿಲ್ಲ. ಅಂದಿನಿಂದ ಜಕ್ಕೂರಿನ ದಾರಿ ಹಿಡಿಯಲಿಲ್ಲ. ವೈದ್ಯರ ತಪಾಸಣೆಯ ಅವಧಿ ಮುಗಿಯಿತು; ಪರವಾನಗಿಯೂ ಸಂದುಹೋಯಿತು.

ನಾನು ಗೆದ್ದೆನೆಂದುಕೊಂಡೆ. ಮನೆಯಲ್ಲಿ ಎಲ್ಲರೂ ನನ್ನ ಮಾತಿನ ಚಾತುರ್ಯವನ್ನು ಹೊಗಳಿದರು. ಭಾವನವರು ಕಾರ್ಖಾನೆಗೆ ಹೋಗುತ್ತಿದ್ದರು, ಬರುತ್ತಿದ್ದರು, ಭಾನುವಾರ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ಯುತ್ತಿದ್ದರು. ಆಕಾಶದಲ್ಲಿ ಸದ್ದಾದರೆ ತಲೆಯೆತ್ತುವುದನ್ನು ಬಿಟ್ಟುಬಿಟ್ಟರು. ಮದುವೆಯ ಧಾರೆಯ ಹೊತ್ತಿನಲ್ಲಿ ತಲೆಯೆತ್ತಿದ್ದ ಮನುಷ್ಯ! ಈ ಬದಲಾವಣೆಯನ್ನು ಮೊದಲು ಗುರುತಿಸಿದವಳು ಅಕ್ಕ. ಯಾವುದೋ ಹಬ್ಬದ ದಿನ ನನ್ನೊಡನೆ, "ವಿಮಾನ ಹೋಗುವಾಗ ಇವರು ಮೇಲೆ ನೋಡುವುದಿಲ್ಲ ಕಣೋ. ನಾನು ನೋಡುತ್ತೇನೆ" ಎಂದಳು. ನಾನು ಏನೋ ಹೇಳಿ ಮಾತು ಬದಲಿಸಿದೆ. ಅವಳಿಗೂ ಅಮ್ಮನಿಗೂ ಇದ್ದದ್ದು ಹೆದರಿಕೆ. ಆ ಹೆದರಿಕೆಗೆ ಸೊಗಸಾದ ಮಾತನ್ನು ತೊಡಿಸಿ, ಅದನ್ನು ನ್ಯಾಯವೆಂಬಂತೆ ಮಾಡಿದವನು ನಾನು. ನೀರು ಬೆರೆತಿದೆಯೇ ಎಂದು ಪೆಟ್ರೋಲನ್ನು ಬೆಳಕಿಗೆ ಹಿಡಿಯುತ್ತಿದ್ದವರ ಎದುರಿಗೆ ನನ್ನ ಮಾತನ್ನು ನಾನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

1982ರ ಅಕ್ಟೋಬರಿನಲ್ಲಿ ಒಂದು ಸುದ್ದಿ ಬಂತು. ಮೊದಲ ಅಂಚೆಯ ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ ಜೆ.ಆರ್.ಡಿ. ಟಾಟಾ ಅವರು ತಮ್ಮ 78ನೆಯ ವಯಸ್ಸಿನಲ್ಲಿ ಹಳೆಯ ಕಾಲದ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ತಾವೇ ಹಾರಿಸಿಕೊಂಡು ಬಂದಿದ್ದರು. ಭಾವನವರು ಪತ್ರಿಕೆಯ ಆ ಚಿತ್ರವನ್ನು ಕತ್ತರಿಸಿ, ಮೇಜಿನ ಗಾಜಿನ ಅಡಿಯಲ್ಲಿ ಸೇರಿಸಿದರು, ಏನೂ ಹೇಳಲಿಲ್ಲ. ಅಕ್ಕ ಮೇಜು ಒರೆಸುವಾಗ ಅದನ್ನು ಕಂಡಳು.

"ಇವರಿಗೆ ವಯಸ್ಸೆಷ್ಟು, ರೀ?"

"ಎಪ್ಪತ್ತೆಂಟು."

"ಮನೆಯಲ್ಲಿ ಬಿಟ್ಟರೆ?"

ಭಾವನವರು ನಕ್ಕರಂತೆ. ಉತ್ತರ ಕೊಡಲಿಲ್ಲ. ಅಕ್ಕ ಎರಡು ತಿಂಗಳು ಸುಮ್ಮನಿದ್ದಳು. ಸಂಕ್ರಾಂತಿಯ ಎಳ್ಳು ಬೀರಲು ಅವರ ಮನೆಗೆ ಹೋಗಿದ್ದ ನನ್ನನ್ನು ಪಕ್ಕಕ್ಕೆ ಕರೆದು, "ಅವತ್ತು ನೀನು ಬೇಡ ಅಂತ ಹೇಳಿ ನಿಲ್ಲಿಸಿದೆಯಲ್ಲ, ಈಗ ಹೋಗಿ ಅಂತಲೂ ನೀನೇ ಹೇಳಬೇಕು. ನನಗೆ ಬಾಯಿ ಬರುವುದಿಲ್ಲ" ಎಂದಳು. ಈ ಬಾರಿ ನಾನು ವಾಕ್ಯ ಕಟ್ಟಲಿಲ್ಲ. "ಭಾವ, ಭಾನುವಾರ ಜಕ್ಕೂರಿಗೆ ಹೋಗೋಣ. ಅಕ್ಕನೂ ಬರುತ್ತಾಳೆ" ಎಂದಷ್ಟೇ ಹೇಳಿದೆ. ಅವರು ಕೈಯಲ್ಲಿದ್ದ ಕಬ್ಬಿನ ತುಂಡನ್ನು ತಟ್ಟೆಯಲ್ಲಿಟ್ಟು ಬಹಳ ಹೊತ್ತು ಅದನ್ನೇ ನೋಡಿದರು.

ಪರವಾನಗಿ ಇಲ್ಲದ್ದರಿಂದ ಒಬ್ಬರೇ ಹಾರುವಂತಿರಲಿಲ್ಲ. ಎರಡನೆಯ ಆಸನದಲ್ಲಿ ಶಿಕ್ಷಕರು ಕುಳಿತರು. ಮೂವತ್ತು ದಾಟದ ಹುಡುಗ ಅವರು. ಭಾವನವರನ್ನು "ಸರ್" ಎಂದೇ ಕರೆದರು. ಐವತ್ತೇಳರ ಅಂಚಿನಲ್ಲಿದ್ದ ಭಾವನವರು ಹಳೆಯ ಔಷಧದ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಪೆಟ್ರೋಲು ಬಸಿದರು, ಬೆಳಕಿಗೆ ಹಿಡಿದರು, ರೆಕ್ಕೆಯ ಬಟ್ಟೆಯನ್ನು ಮಿಡಿದರು. ಅಕ್ಕ ನನ್ನ ಪಕ್ಕದಲ್ಲಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೈಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಗಾಳಿಯ ದಿಕ್ಕು ತೋರಿಸುವ ಕೆಂಪು ಬಿಳಿಯ ಚೀಲ ಕಂಬದ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ವಿಮಾನ ಗಾಳಿಗೆ ಮುಖ ಮಾಡಿ ಓಡಿತು, ನೆಲ ಬಿಟ್ಟಿತು. ಅಕ್ಕ ಕಣ್ಣು ಮುಚ್ಚುವಳೆಂದು ಎಣಿಸಿದ್ದೆ. ಮುಚ್ಚಲಿಲ್ಲ. ಇಪ್ಪತ್ತೈದು ನಿಮಿಷ, ಕತ್ತು ನೋಯುವವರೆಗೆ, ಆ ಚುಕ್ಕಿಯನ್ನು ಬಿಡದೆ ನೋಡಿದಳು. ಅವರು ಇಳಿಯುವ ಮುನ್ನ ಎಂಜಿನ್ನಿನ ಸದ್ದು ತಗ್ಗಿದಾಗ ನನ್ನ ತೋಳನ್ನು ಹಿಡಿದಳು. "ಹೆದರಬೇಡ, ಅದು ಹಾಗೆಯೇ ಇಳಿಯುವುದು" ಎಂದೆ. "ಗೊತ್ತು, ಹೇಳಿದ್ದಾರೆ" ಎಂದಳು. ನನಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದ್ದರೆಂಬುದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಭಾವನವರು ಇಳಿದು ನಮ್ಮತ್ತ ನಡೆದು ಬಂದರು. ಏನು ಹೇಳಬೇಕೋ ಯಾರಿಗೂ ತೋಚಲಿಲ್ಲ. ಅವರು ಕೈ ಚಾಚಿ ನೀರು ಕೇಳಿದರು. ಅಕ್ಕ ಚೊಂಬನ್ನು ಕೊಟ್ಟಳು. ಗಟಗಟನೆ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದನ್ನು ಅಕ್ಕ ಕುಡಿದಳು.

ಆಮೇಲೆ ಅವರು ಹಾರಲಿಲ್ಲ. ಯಾರೂ ತಡೆಯಲಿಲ್ಲ, ಅವರಿಗೆ ಬೇಕೆನಿಸಲಿಲ್ಲ. ಆದರೆ ಆಕಾಶದಲ್ಲಿ ಸದ್ದಾದರೆ ಮತ್ತೆ ತಲೆಯೆತ್ತತೊಡಗಿದರು. ಈಗ ಜಕ್ಕೂರು ಊರೊಳಗೇ ಸೇರಿಹೋಗಿದೆ. ಅದೇ ಬಳ್ಳಾರಿ ರಸ್ತೆ 2008ರಿಂದ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣಕ್ಕೆ ದಾರಿಯಾಗಿದೆ. ಆ ದಾರಿಯಲ್ಲಿ ಹೋಗುವಾಗ ಎಡಬಲ ನೋಡದ ಜನರ ನಡುವೆ, ಮುದುಕನಾದ ನಾನೊಬ್ಬ ಕಾರಿನ ಕಿಟಕಿಯಿಂದ ಆ ಮೈದಾನದತ್ತ ಇಣುಕಿ ನೋಡುತ್ತೇನೆ.

ಅವರ ಲೆಕ್ಕದ ಪುಸ್ತಕವನ್ನು ಇಂದು ಮತ್ತೊಮ್ಮೆ ತೆರೆದೆ. ಒಟ್ಟು ಹಾರಾಟ 113 ಗಂಟೆ. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ. ಷರಾ ಎಂಬ ಅಂಕಣದಲ್ಲಿ ಗಾಳಿ, ಮೋಡ, ಇಳಿದ ಸಲಗಳ ಲೆಕ್ಕ. ಕೊನೆಯ ಸಾಲಿನ ಷರಾ ಮಾತ್ರ ಕನ್ನಡದಲ್ಲಿದೆ, ದುಂಡಗಿನ ಅಕ್ಷರದಲ್ಲಿ: "ಕೆಳಗೆ ಮನೆಯವಳು ನಿಂತಿದ್ದಳು. ಮೇಲಿನಿಂದ ಗುರುತು ಸಿಕ್ಕಿತು."